ನಾಲ್ಕನೆಯ ಗಿರಾಕಿ

ಒಂದು ಬೆಳ್ಳಿ ರೂಪಾಯಿ ಎಷ್ಟು ಸವೆದ ಮೇಲೆ ರೂಪಾಯಿಯಾಗಿ ಉಳಿಯುವುದಿಲ್ಲ? ಬ್ರಿಟಿಷ್ ಸರ್ಕಾರ ಇದಕ್ಕೆ ಲೆಕ್ಕ ಹಾಕಿ ಉತ್ತರ ಬರೆದಿಟ್ಟಿತ್ತು: ನೂರಕ್ಕೆ ಎರಡು. 1835ರಲ್ಲಿ ಗೊತ್ತುಮಾಡಿದ ಕಂಪನಿ ರೂಪಾಯಿಯ ತೂಕ 180 ಗ್ರೇನ್, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಈ ತೂಕದಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಕಳೆದುಕೊಂಡ ನಾಣ್ಯವನ್ನು ರೂಪಾಯಿ ಎಂದು ಒಪ್ಪಿಕೊಳ್ಳುವ ಹಂಗು ಯಾರಿಗೂ ಇಲ್ಲ ಎಂದು 1906ರ ನಾಣ್ಯ ಕಾಯಿದೆ ಹೇಳಿತು. ಕಾಲು ಗ್ರಾಮಿಗೂ ತುಸು ಕಡಿಮೆ ಬೆಳ್ಳಿ ಹೋದರೆ ಮುಗಿಯಿತು. ಅಂಥದ್ದು ಖಜಾನೆಯ ಕಿಟಕಿಗೆ ಬಂದರೆ ಅಲ್ಲೇ ಕತ್ತರಿಸಿ ಹಾಕುವ ಅಧಿಕಾರವನ್ನೂ ಕಾಯಿದೆ ಕೊಟ್ಟಿತ್ತು.

ಅದರಲ್ಲೇ ಇನ್ನೊಂದು ಸೂಕ್ಷ್ಮವಿತ್ತು. ಕೈಯಿಂದ ಕೈಗೆ ದಾಟುತ್ತ ತಾನಾಗಿ ಸವೆದ ನಾಣ್ಯ ಬೇರೆ, ಅಂಚು ಕೆರೆದೋ ಆಮ್ಲದಲ್ಲಿ ಅದ್ದಿಯೋ ಬೆಳ್ಳಿ ಕದ್ದ ನಾಣ್ಯ ಬೇರೆ. ಮೊದಲನೆಯದನ್ನು ತಂದವನ ಮೇಲೆ ಸರ್ಕಾರಕ್ಕೆ ಕರುಣೆ ಇತ್ತು. ಎರಡನೆಯದರ ನಷ್ಟ ತಂದವನ ತಲೆಗೇ. ಕಾಲ ತಿಂದದ್ದಕ್ಕೂ ಮನುಷ್ಯ ತಿಂದದ್ದಕ್ಕೂ ತಕ್ಕಡಿ ಭೇದ ಮಾಡುವುದಿಲ್ಲ. ಗುಮಾಸ್ತ ಕಣ್ಣಿಟ್ಟು ನೋಡಿ ಮಾಡಬೇಕು. ಅಷ್ಟು ಒಣ ಕಾಯಿದೆಯೊಳಗೆ ಇಂಥದೊಂದು ತರತಮ ಜ್ಞಾನ ಅಡಗಿತ್ತೆಂಬುದು ನನಗೆ ಇಂದಿಗೂ ಸೋಜಿಗ.

ಆ ನಿಯಮದ ಕೆಲಸ ಎಂದೋ ಮುಗಿದಿದೆ. 1940ರ ದಶಕದ ಮೊದಲ ವರ್ಷಗಳಲ್ಲೇ ವಿಕ್ಟೋರಿಯಾ ರಾಣಿಯ, ಏಳನೇ ಎಡ್ವರ್ಡನ, ಐದನೇ ಜಾರ್ಜನ ರೂಪಾಯಿಗಳನ್ನು ಒಂದರ ಹಿಂದೊಂದರಂತೆ ಚಲಾವಣೆಯಿಂದ ತೆಗೆದರು. ಆದರೆ ಪೇಟೆಯಲ್ಲಿ ಸಲ್ಲದ ಮೇಲೂ ಅವು ಮನೆಗಳಲ್ಲಿ ಉಳಿದುಕೊಂಡವು. ದೇವರ ಪೆಟ್ಟಿಗೆಯಲ್ಲಿ, ಅಕ್ಕಿಯ ಡಬ್ಬದ ತಳದಲ್ಲಿ, ಕೊರಳ ಹಾರದಲ್ಲಿ. ಈಗ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿದ ಮೇಲೆ ಮತ್ತೆ ಹೊರಗೆ ಬರುತ್ತಿವೆ. ಲಕ್ಷದ ಲೆಕ್ಕ ಹಿಡಿದರೂ ಒಂದು ರೂಪಾಯಿಯೊಳಗಿನ ಬೆಳ್ಳಿಗೆ ಸಾವಿರ ರೂಪಾಯಿಗೂ ಮೇಲೆ ಬೀಳುತ್ತದೆ. ತಲೆಮಾರುಗಳ ಕಾಲ ಸುಮ್ಮನೆ ಬಿದ್ದಿದ್ದ ವಸ್ತು ಥಟ್ಟನೆ ಪ್ರಶ್ನೆಯಾಗಿ ಎದುರು ನಿಲ್ಲುವುದು ಹೀಗೆ. ಇಟ್ಟುಕೊಳ್ಳುವುದೋ, ಕರಗಿಸುವುದೋ?

ನಾನಿರುವ ಪರ್ವರಿ ಮಾಂಡೋವಿ ನದಿಯ ಉತ್ತರಕ್ಕೆ, ಗುಡ್ಡದ ನೆತ್ತಿಯ ಮೇಲಿದೆ. ಪಣಜಿಯಿಂದ ಸೇತುವೆ ದಾಟಿ ಮಾಪುಸಾಕ್ಕೆ ಹೋಗುವ ಹೆದ್ದಾರಿ ಊರನ್ನು ಎರಡಾಗಿ ಸೀಳಿಕೊಂಡು ಹೋಗುತ್ತದೆ. ಇಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಇಟ್ಟಿಗೆ ಹೊರುವವರಲ್ಲಿ, ಕಬ್ಬಿಣ ಕಟ್ಟುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯ ಕನ್ನಡಿಗರು ಬಹಳ. ಸ್ಥಳೀಯರು ಇವರನ್ನು ‘ಘಾಟಿ’ ಎಂದು ಕರೆಯುತ್ತಾರೆ. ಘಟ್ಟ ಇಳಿದು ಬಂದವರು ಎಂಬಷ್ಟೇ ಅರ್ಥದಲ್ಲಿ ಅಲ್ಲ ಎಂದು ಕೇಳಿದವರಿಗೆಲ್ಲ ಗೊತ್ತು.

ಅಂಥವರಲ್ಲಿ ಒಬ್ಬಾಕೆ, ಗದಗ ಕಡೆಯ ಲಂಬಾಣಿ ತಾಂಡಾದವಳು, ಇಲ್ಲಿಯ ಒಬ್ಬ ಶೇಟ್‌ನ ಒಡವೆ ಅಂಗಡಿಯಲ್ಲಿ ಸೆರಗಿನ ಗಂಟು ಬಿಚ್ಚಿ ರೂಪಾಯಿಗಳನ್ನು ಗಾಜಿನ ಮೇಲೆ ಸುರಿದಾಗ ನಾನು ಪಕ್ಕದಲ್ಲಿದ್ದೆ. ಒಂದು ಕಾಲದಲ್ಲಿ ಹಾರವಾಗಿದ್ದವು. ಪ್ರತಿಯೊಂದರ ನೆತ್ತಿಗೂ ಬೆಸೆದ ಕೊಂಡಿ. ಕೆಲವುಗಳಲ್ಲಿ ರಾಣಿಯ ಮುಖವೇ ಇಲ್ಲ, ಕಿರೀಟದ ಒಂದು ಅಂಚು, ಕೆನ್ನೆಯಿದ್ದ ಜಾಗದಲ್ಲಿ ನುಣುಪು. ಆಕೆಗೆ ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಸಬೇಕಿತ್ತು. ಶೇಟ್ ತೂಕದ ಯಂತ್ರ ಒರೆಸುತ್ತಿದ್ದಾಗ ಆಕೆ ನನ್ನ ಕಡೆ ತಿರುಗಿದಳು.

‘ನಮ್ಮವ್ವನ ಕೊಳ್ಳಾಗ ಇದ್ದದ್ರೀ ಅಕ್ಕಾರ. ಕರಗಿಸಿದ್ರ ಆಕಿ ಏನರ ಅನಕೊಂತಾಳೇನ್ರಿ?’

ಅಂಗಡಿಯಲ್ಲಿದ್ದ ಒಬ್ಬ ಹುಡುಗ ತನ್ನ ಮೊಬೈಲ್ ತೆಗೆದು ‘ಕರಗಿಸಬೇಡಿ, ಆಂಟಿಕ್, ಲಕ್ಷಗಟ್ಟಲೆ ಬರುತ್ತೆ’ ಎಂದ. ಬರುವುದಿಲ್ಲ. ಕೋಟಿಗಟ್ಟಲೆ ಅಚ್ಚಾದ ರೂಪಾಯಿಗಳಿವು. ಅದರ ಮೇಲೆ ಕೊಂಡಿ ಬೆಸೆದ ನಾಣ್ಯವನ್ನು ಸಂಗ್ರಹಕಾರರು ಊನವಾದದ್ದೆಂದು ಬದಿಗೆ ಸರಿಸುತ್ತಾರೆ. ಆದರೆ ಆಕೆ ಕೇಳಿದ್ದು ಬೆಲೆಯನ್ನಲ್ಲ.

ಆ ಹೊತ್ತಿಗೆ ನನಗೆ ನೆನಪಾದದ್ದು ಸಮಂತಭದ್ರ. ಶ್ರವಣಬೆಳಗೊಳದ ಶಾಸನಗಳು ಗೌರವದಿಂದ ನೆನೆಯುವ ಈ ಜೈನ ಆಚಾರ್ಯ ತನ್ನ ‘ಆಪ್ತಮೀಮಾಂಸೆ’ಯಲ್ಲಿ ಅಕ್ಕಸಾಲಿಯ ಕೆಲಸವನ್ನೇ ಎದುರಿಗಿಟ್ಟು ಒಂದು ತರ್ಕ ಹೂಡುತ್ತಾನೆ. ಚಿನ್ನದ ಕಲಶವೊಂದಿದೆ. ಅದನ್ನು ಮುರಿದು ಕಿರೀಟ ಮಾಡುತ್ತಾರೆ. ಕಲಶ ಬೇಕಿದ್ದವನಿಗೆ ದುಃಖ. ಕಿರೀಟ ಬೇಕಿದ್ದವನಿಗೆ ಸಂತೋಷ. ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ, ಏಕೆಂದರೆ ಅವನ ಚಿನ್ನ ಎಲ್ಲಿಗೂ ಹೋಗಿಲ್ಲ. ಒಂದೇ ಗಳಿಗೆಯಲ್ಲಿ ಒಂದೇ ವಸ್ತು ಅಳಿಯಿತು, ಹುಟ್ಟಿತು, ಇದ್ದ ಹಾಗೇ ಇತ್ತು. ಮೂವರ ಮನಸ್ಸಿನಲ್ಲಿ ಆದದ್ದು ಭ್ರಮೆಯಲ್ಲ, ಮೂರಕ್ಕೂ ವಸ್ತುವಿನಲ್ಲೇ ಆಧಾರವಿದೆ. ಅನಿತ್ಯದ ಬಗ್ಗೆ ನಾನು ಓದಿರುವುದರಲ್ಲಿ ಇಷ್ಟು ಚೊಕ್ಕವಾದದ್ದು ಕಡಿಮೆ. ಎಲ್ಲವೂ ಕ್ಷಣಿಕ ಎನ್ನುವವರ ಅತಿಯೂ ಇಲ್ಲ, ಏನೂ ಬದಲಾಗುವುದಿಲ್ಲ ಎನ್ನುವವರ ಹಟವೂ ಇಲ್ಲ.

ಪರ್ವರಿಯ ಆ ಅಂಗಡಿಯಲ್ಲಿ ಸಮಂತಭದ್ರನ ಮೂವರೂ ಹಾಜರಿದ್ದರು. ಆಂಟಿಕ್ ಎಂದ ಹುಡುಗನಿಗೆ ಕಲಶ ಬೇಕು. ಊರಲ್ಲಿರುವ ಮೊಮ್ಮಗಳಿಗೆ ಕಿರೀಟ ಬೇಕು. ಶೇಟ್‌ಗೆ ಲೋಹ ಬೇಕು, ಅವನ ಮುಖದಲ್ಲಿ ಶ್ಲೋಕಕ್ಕೆ ತಕ್ಕ ನಿರ್ವಿಕಾರವೂ ಇತ್ತು. ಹಾಗಾದರೆ ಈ ಹೆಂಗಸು ಯಾರು? ಆಕೆಗೆ ರಾಣಿಯ ಮುಖ ಬೇಕಿಲ್ಲ. ಬೆಳ್ಳಿಯ ದರ ಬೇಕು ನಿಜ, ಆದರೆ ಕೇಳಿದ ಪ್ರಶ್ನೆ ಅದರದ್ದಲ್ಲ. ಆಕೆ ಕಳೆದುಕೊಳ್ಳಲು ಹೆದರುತ್ತಿದ್ದದ್ದು ಆ ನುಣುಪನ್ನು. ಅವ್ವನ ಕುಪ್ಪಸದ ಕನ್ನಡಿಗಳಿಗೆ, ಬೆವರಿಗೆ, ಎದೆಗವಚಿಕೊಂಡ ಮಕ್ಕಳ ಕೆನ್ನೆಗೆ ತಗುಲಿ ತಗುಲಿ ಆದ ಸವೆತವನ್ನು. ಸಮಂತಭದ್ರ ಈ ನಾಲ್ಕನೆಯ ಗಿರಾಕಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯಬೇಕಾಗಿಯೂ ಇರಲಿಲ್ಲ, ಅವನ ಕಲಶ ಹೊಸದು.

ಟಂಕಸಾಲೆ ಒಂದರಂತೆ ಇನ್ನೊಂದನ್ನು ಅಚ್ಚು ಹಾಕುತ್ತದೆ. ವ್ಯತ್ಯಾಸ ಕಂಡರೆ ಅದು ಅಲ್ಲಿಯ ದೋಷ. ಮುಂಬಯಿ ಟಂಕಸಾಲೆಯಿಂದ ಒಂದು ಬೆಳಿಗ್ಗೆ ಹೊರಬಿದ್ದ ರೂಪಾಯಿಗಳಲ್ಲಿ ಯಾವುದಕ್ಕೂ ತನ್ನದೆಂಬುದು ಇಲ್ಲ. ಬೇರೆ ಬೇರೆ ಕೈ ಸೇರಿ, ಬೇರೆ ಬೇರೆ ಕಡೆ ತಿಕ್ಕಾಡಿದ ಮೇಲೆಯೇ ಒಂದು ರೂಪಾಯಿ ಇನ್ನೊಂದರಂತೆ ಕಾಣದೆ ಹೋಗುವುದು. ನಾಣ್ಯದಲ್ಲಿ ಅದರದೇ ಆದದ್ದು ಏನಾದರೂ ಇದ್ದರೆ ಅದು ಸವೆತ ಮಾತ್ರ. ಮಿಕ್ಕದ್ದೆಲ್ಲ ಸರ್ಕಾರದ್ದು. ವಿಚಿತ್ರವೆಂದರೆ ಅದಕ್ಕೇ ಯಾವ ಪೇಟೆಯಲ್ಲೂ ಬೆಲೆಯಿಲ್ಲ. ಸಂಗ್ರಹಕಾರ ಪೆಟ್ಟಿಗೆಯಿಂದ ಹೊರಗೇ ಬಾರದ, ಯಾರ ಕೈಗೂ ಹೋಗದ ನಾಣ್ಯಕ್ಕೆ ಹೆಚ್ಚು ಕೊಡುತ್ತಾನೆ. ಶೇಟ್ ತೂಕಕ್ಕೆ ಕೊಡುತ್ತಾನೆ. ಬಾಳಿದ್ದಕ್ಕೆ ಕೊಡುವವರು ಇಬ್ಬರ ನಡುವೆ ಯಾರೂ ಇಲ್ಲ.

ಸವೆತ ಎಂದರೆ ಇರುವುದಲ್ಲ, ಹೋಗಿರುವುದು. ಆ ತಾಯಿಯ ಕೊರಳ ರೂಪಾಯಿಗಳಿಂದ ಕಳೆದುಹೋದ ಬೆಳ್ಳಿ ಯಾವ ಸೀರೆಯ ನೂಲಿನಲ್ಲೋ, ಯಾವ ಹಳ್ಳದ ನೀರಿನಲ್ಲೋ ಸೇರಿಹೋಗಿದೆ. ಉಳಿದಿರುವುದು ಉಳಿದದ್ದು ಮಾತ್ರ. ನಾಲ್ಕನೆಯ ಗಿರಾಕಿ ಬೇಡುವ ವಸ್ತು ಅಂಗಡಿಯಲ್ಲಿ ಇಲ್ಲ, ಪೆಟ್ಟಿಗೆಯಲ್ಲಿಯೂ ಇಲ್ಲ. ಕರಗಿಸಿದರೆ ಅದು ಹೊಸದಾಗಿ ಹೋಗುವುದಿಲ್ಲ, ಇಟ್ಟುಕೊಂಡರೆ ಮರಳಿ ಬರುವುದೂ ಇಲ್ಲ. ಈ ಮಾತನ್ನು ನಾನು ಆಕೆಗೆ ಹೇಳಲಿಲ್ಲ. ಸರಿಯಾದ ಮಾತೆಲ್ಲ ಅಂಗಡಿಯ ಕಟ್ಟೆಯ ಮೇಲೆ ಹೇಳುವಂಥದಲ್ಲ.

ಇಟ್ಟುಕೊಂಡರೆ ಉಳಿಯುತ್ತದೆ ಎಂಬ ನಂಬಿಕೆಯನ್ನೂ ಒಂದಿಷ್ಟು ತಿಕ್ಕಿ ನೋಡಬೇಕು, ಅಕ್ಷರಶಃ. ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಯ ಬೆಳ್ಳಿ ರೂಪಾಯಿಯನ್ನು ವರ್ಷ ವರ್ಷವೂ ಹೊರತೆಗೆದು ಹುಣಸೆಹುಳಿ ಹಚ್ಚಿ, ವಿಭೂತಿಯಲ್ಲಿ ತಿಕ್ಕಿ ತೊಳೆಯುತ್ತಾರೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದಿಂದ. ಆ ಕಪ್ಪು ಹೊರಗಿಂದ ಬಂದು ಕೂತ ಕೊಳೆಯಲ್ಲ, ಗಂಧಕದ ಜೊತೆ ಕೂಡಿದ ಬೆಳ್ಳಿಯೇ. ತಿಕ್ಕಿ ತೆಗೆದಾಗ ಕಪ್ಪಿನ ಜೊತೆ ಒಂದು ಪದರ ಬೆಳ್ಳಿಯೂ ಹೋಗುತ್ತದೆ. ಪೇಟೆಯಲ್ಲಿ ಓಡಾಡಿ ಸವೆಯಬೇಕಾದ ರೂಪಾಯಿ ದೇವರ ಮುಂದೆ ಕೂತೂ ಸವೆಯುತ್ತದೆ; ಭಕ್ತಿಯ ಕೈ ಒಂದಿಷ್ಟು ಮೆಲ್ಲಗಿರಬಹುದು, ಅಷ್ಟೇ. ನಾಣ್ಯ ಬಲ್ಲವರು ತೊಳೆಯಲೇಬೇಡಿ ಎನ್ನುತ್ತಾರೆ. ತೊಳೆಯದಿದ್ದರೆ ಪೂಜೆಗೆ ಇಡುವಂತಿಲ್ಲ. ಈ ಜಗಳವನ್ನು ನಾನು ಬಿಡಿಸಲಾರೆ.

ಇನ್ನು ಈ ರೂಪಾಯಿಗಳ ಪೂರ್ವಾಶ್ರಮ. ಕರಗಿಸಬಾರದೆಂದು ನಾವು ಎದೆಗವಚಿಕೊಳ್ಳುವ ನಾಣ್ಯ ತಾನೇ ಯಾವುದನ್ನೋ ಕರಗಿಸಿ ಹುಟ್ಟಿದ್ದು. ದಕ್ಷಿಣ ಅಮೆರಿಕದ ಪೊಟೋಸಿ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಅಲ್ಲಿಯ ಬೆಳ್ಳಿ ಸ್ಪೇನಿನ ನಾಣ್ಯವಾಗಿ ಹಡಗು ಹತ್ತಿ ಸೂರತ್ತಿಗೆ, ಗೋವೆಗೆ ಬಂತು. ಮೊಗಲರ ಸೀಮೆಯಲ್ಲಿ ಪರದೇಶಿ ನಾಣ್ಯ ನಡೆಯುತ್ತಿರಲಿಲ್ಲವಾದ್ದರಿಂದ ಮೂಸೆಗೆ ಬಿದ್ದು ರೂಪಾಯಿಯಾಯಿತು. ಬಿಜಾಪುರದ ಆದಿಲ್‌ಶಾಹಿಗಳು ಬೆಳ್ಳಿಯ ತಂತಿಯನ್ನು ಕೂದಲಿನ ಪಿನ್ನಿನ ಆಕಾರಕ್ಕೆ ಮಡಚಿ, ಅದರ ಮೇಲೆ ಮುದ್ರೆ ಒತ್ತಿ ‘ಲಾರಿ’ ಎಂಬ ನಾಣ್ಯ ಮಾಡಿದ್ದರು. ಕರಾವಳಿಯ ವ್ಯಾಪಾರಕ್ಕೆ ಪರ್ಷಿಯಾದ ಲಾರ್ ಪಟ್ಟಣದ ಮಾದರಿ ಅದು. ಇವತ್ತು ಒಂದು ಲಾರಿ ಕಾಣಬೇಕಾದರೆ ಮ್ಯೂಸಿಯಮ್ಮಿಗೆ ಹೋಗಬೇಕು. ಉಳಿದವು ಯಾವ ಬಳೆಯಲ್ಲಿ, ಯಾವ ಉಡಿದಾರದಲ್ಲಿ ಇವೆಯೋ.

ಪೋರ್ಚುಗೀಸರೂ ಅಷ್ಟೇ. 1510ರಲ್ಲಿ ಗೋವೆ ಹಿಡಿದ ಅಲ್ಬುಕರ್ಕ್ ಆ ವರ್ಷವೇ ಇಲ್ಲಿ ನಾಣ್ಯ ಅಚ್ಚು ಹಾಕಿಸಿದ. ಬೆಳ್ಳಿಯದಕ್ಕೆ ಎಸ್ಫೆರಾ ಎಂದು ಹೆಸರು, ಮೇಲೆ ಖಗೋಳದ ಚಿತ್ರ. ಪಣಜಿಯ ದೊಡ್ಡ ಅಂಚೆ ಕಚೇರಿಯ ಪಕ್ಕದಲ್ಲಿ ‘ಕಾಸಾ ದ ಮೊಯೆದಾ’ ಎಂಬ ಹಳೆಯ ಮನೆ ಈಗಲೂ ಇದೆ. 1834ರಿಂದ ಕೆಲವು ವರ್ಷ ಟಂಕಸಾಲೆ ಅಲ್ಲಿತ್ತು. ಕೊನೆಗೆ 1878ರಲ್ಲಿ ಬ್ರಿಟಿಷರೊಡನೆ ಒಪ್ಪಂದವಾಗಿ, 1881ರಿಂದ ಗೋವೆಯ ರೂಪಿಯಾ ಕಲ್ಕತ್ತೆಯಲ್ಲಿ ಅಚ್ಚಾಗತೊಡಗಿತು. ಒಂದು ಕಡೆ ದೊರೆ ಲೂಯಿಸನ ಮುಖ, ತೂಕ ಮತ್ತು ಬೆಳ್ಳಿಯ ಪಾಲು ಮಾತ್ರ ಬ್ರಿಟಿಷ್ ರೂಪಾಯಿಯದೇ. ಮೂಸೆಯೊಳಗೆ ಹಾಕಿದರೆ ಲಿಸ್ಬನ್ನಿನ ದೊರೆ ಯಾರು, ಲಂಡನ್ನಿನ ರಾಣಿ ಯಾರು ಎಂದು ಹೇಳುವಂತಿಲ್ಲ.

ಆ ಹೆಂಗಸಿನ ಗಂಟಿನಲ್ಲಿ 1919ರ ಐದನೇ ಜಾರ್ಜನ ರೂಪಾಯಿಯೂ ಇತ್ತು. ಅದರ ಕತೆ ಇನ್ನೂ ದೂರದ್ದು. ಮೊದಲ ಮಹಾಯುದ್ಧದ ಕೊನೆಯ ವರ್ಷ, ಕಾಗದದ ನೋಟು ಹಿಡಿದ ಜನ ಬೆಳ್ಳಿಯೇ ಬೇಕೆಂದು ಹಟ ಹಿಡಿದಾಗ ಇಲ್ಲಿಯ ಖಜಾನೆ ಬರಿದಾಗುತ್ತ ಬಂತು. ಬ್ರಿಟನ್ ಅಮೆರಿಕದ ಮೊರೆಹೋಯಿತು. 1918ರ ಪಿಟ್‌ಮನ್ ಕಾಯಿದೆಯಡಿ ಅಮೆರಿಕ ತನ್ನ ಸುಮಾರು 26 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿ ಗಟ್ಟಿ ಮಾಡಿ ಕೊಟ್ಟಿತು. ಲಿಬರ್ಟಿ ದೇವಿಯ ಮುಖ ಅಳಿದು ಜಾರ್ಜನ ಮುಖವಾಯಿತು. ನೆವಾಡದ ಗಣಿಯಲ್ಲಿ ತೆಗೆದ ಬೆಳ್ಳಿ ಗದಗದ ತಾಂಡಾದ ಕೊರಳಿಗೆ ಬಂದು ಸೇರಿದ್ದರೂ ಅಚ್ಚರಿಯಿಲ್ಲ. ಅಮೆರಿಕದ ಆ ಡಾಲರುಗಳಿಗೂ ಯಾವಳೋ ಅಜ್ಜಿ ಇದ್ದಿರಬಹುದು ಎಂದುಕೊಂಡೆ. ಆದರೆ ಬಹಳಷ್ಟು ಖಜಾನೆಯ ಚೀಲಗಳಲ್ಲೇ ಇದ್ದ, ಯಾರೂ ಮುಟ್ಟದ ನಾಣ್ಯಗಳಂತೆ. ಹುಟ್ಟಿದ್ದೂ ಗೊತ್ತಾಗದೆ ಕರಗಿದವು. ನಮ್ಮಲ್ಲೇ 1911ರ ರೂಪಾಯಿಗಳಿಗೆ ಅದೇ ಗತಿಯಾಯಿತು: ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು, ಹೊರಗೆ ಬಿಡದೆ ಉಳಿದವನ್ನು ಕರಗಿಸಿದರು. ಚಿತ್ರಗಾರ ಸೊಂಡಿಲನ್ನು ಒಂದಿಷ್ಟು ಉದ್ದ ಮಾಡಿದ್ದರೆ ಸಾಕಿತ್ತು.

ಬೆಳ್ಳಿಗೆ ಒಂದೇ ರೂಪದಲ್ಲಿ ಉಳಿಯುವ ಹಟ ಎಂದೂ ಇರಲಿಲ್ಲ. 1893ರವರೆಗೆ ಈ ದೇಶದಲ್ಲಿ ಯಾರು ಬೇಕಾದರೂ ಬೆಳ್ಳಿ ಒಯ್ದು ಟಂಕಸಾಲೆಯಲ್ಲಿ ಕೊಟ್ಟರೆ ರೂಪಾಯಿ ಮಾಡಿಕೊಡುತ್ತಿದ್ದರು. ಬಳೆ ರೂಪಾಯಿಯಾಗುವುದು, ರೂಪಾಯಿ ಬಳೆಯಾಗುವುದು ಎರಡೂ ದಿನನಿತ್ಯದ ಸಂಗತಿ. ಸುಗ್ಗಿ ಚೆನ್ನಾದ ವರ್ಷ ಕೊರಳಿಗೆ ಏರುತ್ತಿತ್ತು, ಕೆಟ್ಟ ವರ್ಷ ಇಳಿಯುತ್ತಿತ್ತು. 1876ರಿಂದ 78ರವರೆಗಿನ ಬರ, ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ನೆನೆಯುತ್ತಿದ್ದದ್ದು, ಕಲಾದಗಿ, ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳನ್ನು ಹಿಂಡಿದಾಗ ಹಳ್ಳಿಗಳ ಬೆಳ್ಳಿ ಒಡವೆ ರಾಶಿರಾಶಿಯಾಗಿ ಮುಂಬಯಿ ಟಂಕಸಾಲೆಗೆ ಹರಿಯಿತು. ಅಂದು ಕರಗಿಸಬೇಕೇ ಬೇಡವೇ ಎಂದು ಯಾರೂ ಚಿಂತನೆ ಬರೆಯಲಿಲ್ಲ. ಕಾಲಗಡಗ ಕರಗಿ ಜೋಳವಾಯಿತು, ಜೋಳ ಉಸಿರಾಯಿತು. ಜೀವ ಉಳಿಸಿಕೊಂಡವರ ಮೊಮ್ಮಕ್ಕಳು ಮತ್ತೆ ರೂಪಾಯಿ ಕೂಡಿಸಿ ಹಾರ ಮಾಡಿಕೊಂಡರು. ಕರಗದೆ ಉಳಿದ ಒಡವೆಗಿಂತ ಆ ಕರಗಿದ ಒಡವೆಗಳಿಗೇ ನಾವು ಹೆಚ್ಚು ಋಣಿಗಳು. ಅವುಗಳಲ್ಲಿ ಒಂದೂ ಪ್ರದರ್ಶನಕ್ಕೆ ಸಿಗುವುದಿಲ್ಲ, ನಿಜ.

ಇಷ್ಟು ಬರೆದ ಮೇಲೆ ಕರಗಿಸುವುದೇ ಸರಿ ಎಂದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಬಿಡದ ಒಂದು ಘಟನೆ ಗೋವೆಯಲ್ಲೇ ಇದೆ. ಇಲ್ಲಿಯ ಬಹಳ ಜನ ಕಷ್ಟಕಾಲಕ್ಕೆ ಬಾಂಕು ನಾಸಿಯೊನಾಲ್ ಉಲ್ತ್ರಮಾರಿನೊ ಎಂಬ ಪೋರ್ಚುಗೀಸ್ ಬ್ಯಾಂಕಿನಲ್ಲಿ ಚಿನ್ನ ಅಡವಿಡುತ್ತಿದ್ದರು. 1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಬರುವ ಸುಳಿವು ಸಿಕ್ಕಾಗ ಆ ಒಡವೆಗಳನ್ನೆಲ್ಲ ಲಿಸ್ಬನ್ನಿಗೆ ಸಾಗಿಸಿಬಿಟ್ಟರು. ಅವು ಮರಳಿದ್ದು 1991ರಲ್ಲಿ. ಮೂವತ್ತು ವರ್ಷ! ಅಡವಿಟ್ಟ ಎಷ್ಟೋ ಹೆಂಗಸರು ಅಷ್ಟರಲ್ಲಿ ತೀರಿಹೋಗಿದ್ದರು. ಚಿನ್ನವೆಂದರೆ ಚಿನ್ನ ಎಂಬುದೇ ಸತ್ಯವಾಗಿದ್ದರೆ ತೂಕದ ಲೆಕ್ಕ ಹಾಕಿ ಹಣ ಕೊಟ್ಟು ಮುಗಿಸಬಹುದಿತ್ತು. ಬಂದದ್ದು ಅವೇ ಒಡವೆಗಳು. ಅಜ್ಜಿಯ ಸರ, ಅಮ್ಮನ ಬಳೆ. ಕೊಂಡಿ ಬಿಟ್ಟಿದ್ದರೂ ಕಲ್ಲು ಬಿದ್ದಿದ್ದರೂ ಅದೇ. ಸಮಂತಭದ್ರನ ಮೂರನೆಯವನ ನಿರ್ವಿಕಾರವನ್ನು ಆ ವಾರಸುದಾರರಿಗೆ ಉಪದೇಶಿಸಲು ನನಗಂತೂ ಬಾಯಿ ಬಾರದು. ಇಷ್ಟು ಮಾತ್ರ ಗಮನಿಸಿದೆ: ಅವರ ನೋವು ಒಡವೆ ಅಳಿಯಿತೆಂದಲ್ಲ, ತಮ್ಮನ್ನು ಕೇಳದೆ ಒಯ್ದರೆಂದು. ತಾನೇ ಕರಗಿಸಿದ ಬಳೆಗೆ ಯಾವ ಹೆಂಗಸೂ ಮೂವತ್ತು ವರ್ಷ ಅಳುವುದಿಲ್ಲ.

ಲೋಹ ಹೋಗಿ ಮುದ್ರೆ ಮಾತ್ರ ಉಳಿದ ಉದಾಹರಣೆಗೆ ನಾನು ಮನೆಯಿಂದ ಬಹಳ ದೂರ ಹೋಗಬೇಕಿಲ್ಲ. ಗೋವೆಯ ಕದಂಬರು, ಹಲಸಿ ಮತ್ತು ಚಂದ್ರಪುರದಿಂದ ಆಳಿದವರು, ಕನ್ನಡದಲ್ಲಿ ಶಾಸನ ಬರೆಸಿದವರು, ತಮ್ಮ ಚಿನ್ನದ ನಾಣ್ಯಗಳ ಮೇಲೆ ಸಿಂಹವನ್ನು ಅಚ್ಚು ಹಾಕಿಸಿದ್ದರು; ಜೊತೆಗೆ ಕುಲದೇವರು ಸಪ್ತಕೋಟೇಶ್ವರನ ಹೆಸರು. ಈಗ ಉಳಿದಿರುವ ಆ ಹೊನ್ನುಗಳು ಎಣಿಕೆಯವು. ಸಿಂಹ ಮಾತ್ರ ದಿನಾ ಕಣ್ಣಿಗೆ ಬೀಳುತ್ತದೆ. 1980ರಲ್ಲಿ ಹುಟ್ಟಿದ ಗೋವೆಯ ಕದಂಬ ಸಾರಿಗೆ ನಿಗಮ ಅದನ್ನೇ ತನ್ನ ಲಾಂಛನ ಮಾಡಿಕೊಂಡಿತು. ನಿಗಮದ ಮುಖ್ಯ ಕಚೇರಿ ಇರುವುದು ಪರ್ವರಿಯಲ್ಲಿ. ಬಸ್ಸಿನ ತಗಡಿನ ಮೇಲೆ, ಧೂಳು ಮೆತ್ತಿಕೊಂಡು, ಪಾನ್ ಉಗುಳಿದ ಕಲೆಯ ಪಕ್ಕದಲ್ಲಿ ಒಬ್ಬ ದೊರೆಯ ಸಿಂಹ ಮಾಪುಸಾಕ್ಕೂ ಮಡಗಾವಿಗೂ ಓಡಾಡಿಕೊಂಡಿದೆ. ನಾಣ್ಯಕ್ಕೆ ಇದಕ್ಕಿಂತ ಒಳ್ಳೆಯ ಚಲಾವಣೆ ಇನ್ನೇನು? ಆದರೆ ಆ ಸಿಂಹವನ್ನು ನೋಡಿ ಬರೆಯಲು ಯಾವುದೋ ಒಂದು ಹೊನ್ನು ಕರಗದೆ ಉಳಿದಿರಬೇಕಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆದ್ದರಿಂದ ಎಲ್ಲವೂ ಒಂದೇ ಅಲ್ಲ. ನೆಲ ಅಗೆಯುವಾಗ ಸಿಕ್ಕ ಗಡಿಗೆಯ ನಾಣ್ಯಗಳನ್ನು ಸದ್ದಿಲ್ಲದೆ ಮೂಸೆಗೆ ಹಾಕುವುದನ್ನು ನಾನು ಕ್ಷಮಿಸಲಾರೆ. 1878ರ ನಿಧಿ ಕಾಯಿದೆ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಕ್ಷೇಪವನ್ನು ಕಲೆಕ್ಟರಿಗೆ ತಿಳಿಸಲೇಬೇಕೆನ್ನುತ್ತದೆ. ಆ ಗಡಿಗೆಯಲ್ಲಿ ಯಾವ ದೊರೆಯದು ಎಷ್ಟು, ಯಾವುದು ಮೇಲೆ, ಯಾವುದು ಎಷ್ಟು ಸವೆದಿದೆ ಎಂಬುದರಿಂದಲೇ ಒಂದು ಊರಿನ ವ್ಯಾಪಾರ, ಭಯ, ಓಡಿಹೋದ ಕಾಲ ತಿಳಿಯುವುದು. ಅಲ್ಲಿ ಸವೆತವೂ ಸಾಕ್ಷಿ: ಹೆಚ್ಚು ಸವೆದದ್ದು ಹೆಚ್ಚು ಕಾಲ ಓಡಾಡಿದ್ದು ಎಂದು ವಿದ್ವಾಂಸರು ತೂಗಿ ತೂಗಿ ಲೆಕ್ಕ ಹಾಕುತ್ತಾರೆ. ಅದನ್ನು ಕರಗಿಸಿದವನು ತನ್ನದಲ್ಲದ್ದನ್ನು ಕರಗಿಸಿದ. ಹೂತವನು ಇಲ್ಲ, ಓದಬೇಕಾದವರು ಇನ್ನೂ ಹುಟ್ಟಿಲ್ಲ, ಇಬ್ಬರನ್ನೂ ಕೇಳಿಲ್ಲ. ಲಿಸ್ಬನ್ನಿಗೆ ಒಯ್ದವರಿಗೂ ಇವನಿಗೂ ನನ್ನ ದೃಷ್ಟಿಯಲ್ಲಿ ಹೆಚ್ಚು ದೂರವಿಲ್ಲ.

ಕೊರಳ ಹಾರದ ಸಂಗತಿ ಹಾಗಲ್ಲ. ಅದಕ್ಕೆ ಒಡತಿ ಇದ್ದಾಳೆ, ಆಕೆಗೆ ಕಾರಣವಿದೆ. ಆಕೆಯ ಸೆರಗಿನ ಗಂಟನ್ನು ಪರಂಪರೆ ಎಂದು ಕರೆದು ‘ಕರಗಿಸಬೇಡ’ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಲಂಬಾಣಿ ಹೆಂಗಸರು ಅಂಜುನಾದ ಬುಧವಾರದ ಸಂತೆಯಲ್ಲಿ, ಕಲಂಗುಟ್ ದಂಡೆಯಲ್ಲಿ ಮೈಮೇಲಿನ ಬೆಳ್ಳಿಯನ್ನೇ ಬಿಚ್ಚಿ ಪ್ರವಾಸಿಗರಿಗೆ ಮಾರಿದ ಕಾಲವಿತ್ತು. ಆಗ ಯಾವ ಪರಂಪರೆಯವರೂ ಅಡ್ಡ ಬರಲಿಲ್ಲ. ಪೊಲೀಸರು ಬಂದು ಬುಟ್ಟಿ ಎತ್ತಿಸಿದ್ದು ಮಾತ್ರ ಉಂಟು. ಉಳಿಯಲಿ ಎನ್ನುವವನು ಬೆಳ್ಳಿಯ ಬೆಲೆಯ ಮೇಲೆ ನಾಲ್ಕು ಕಾಸು ಹಾಕಿ ಕೊಂಡು ಉಳಿಸಲಿ. ಇನ್ನೊಬ್ಬರ ಬಡತನದ ಖರ್ಚಿನಲ್ಲಿ ಇತಿಹಾಸ ಕಾಪಾಡುವುದು ಸುಲಭ.

ಉಳಿಸುವುದೋ ಕರಗಿಸುವುದೋ ಎಂಬ ಇದೇ ಲೆಕ್ಕದಲ್ಲಿ ನಮ್ಮ ಊರೂ ಈಗ ತನ್ನ ವಿಷಯದಲ್ಲಿ ತೊಡಗಿದೆ. ಆದಿಲ್‌ಶಾಹನ ಅರಮನೆಯೆಂದು ಕರೆಯುವ ಪಣಜಿಯ ಕಟ್ಟಡದಿಂದ 2000ದಲ್ಲಿ ವಿಧಾನಸಭೆ ಪರ್ವರಿಯ ಗುಡ್ಡಕ್ಕೆ ಬಂತು. ಹಳೆಯ ಅರಮನೆಯನ್ನು ಉಳಿಸಿಕೊಂಡರು, ಅಧಿಕಾರವನ್ನು ಬೇರೆ ಕಡೆ ಎರಕ ಹೊಯ್ದರು. ಈಗ ಹೆದ್ದಾರಿಯ ಮೇಲೆ ಫ್ಲೈಓವರ್ ಏಳುತ್ತಿದೆ. ಅದಕ್ಕಾಗಿ 2025ರಲ್ಲಿ ಖಾಪ್ರೇಶ್ವರ ಗುಡಿಯ ಹಳೆಯ ಆಲದ ಮರವನ್ನು, ಜನ ಅಡ್ಡ ನಿಂತರೂ, ಬುಡಸಮೇತ ಕಿತ್ತು ಬೇರೆಡೆ ನೆಟ್ಟರು. ಮರ ಉಳಿಯಿತು ಎಂದು ಒಬ್ಬರು, ಮರ ಹೋಯಿತು ಎಂದು ಇನ್ನೊಬ್ಬರು. ಸಮಂತಭದ್ರನನ್ನು ಕರೆದರೆ ಇಬ್ಬರಿಗೂ ಹೌದೆನ್ನುತ್ತಿದ್ದ. ಆದರೆ ಅದರ ನೆರಳಿನಲ್ಲಿ ಕೂರುತ್ತಿದ್ದವರು ಮತ್ತೆ ನಾಲ್ಕನೆಯವರು.

ಅಂಗಡಿಯಲ್ಲಿ ಶೇಟ್ ತೂಕ ಮುಗಿಸಿ ಹೊಸ ಗೆಜ್ಜೆಯ ಬಗ್ಗೆ ಹೇಳತೊಡಗಿದ್ದ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿ ಒಡವೆಗೂ ಬಿಐಎಸ್ ಹಾಲ್‌ಮಾರ್ಕಿನ ಜೊತೆ ಆರಕ್ಷರದ ಗುರುತು ಸಂಖ್ಯೆ ಹಾಕಿಸಬಹುದು, ಕಡ್ಡಾಯವಲ್ಲ, ಬೇಕಿದ್ದವರಿಗೆ. ಒಂದೊಂದು ಒಡವೆಗೂ ಒಂದೊಂದು ಸಂಖ್ಯೆ, ಇನ್ನೊಂದಕ್ಕೆ ಇಲ್ಲದ್ದು. ಟಂಕಸಾಲೆ ಯಾವ ರೂಪಾಯಿಗೂ ಕೊಡದ, ತಾಯಿಯ ಕೊರಳು ಅರ್ಧ ಶತಮಾನ ತಿಕ್ಕಿ ಕೊಟ್ಟ ಪ್ರತ್ಯೇಕತೆಯನ್ನು ಈಗ ಲೇಸರ್ ಯಂತ್ರ ಒಂದು ಗಳಿಗೆಯಲ್ಲಿ ಕೊರೆದುಕೊಡುತ್ತದೆ. ಆಕೆಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಗೆಜ್ಜೆಯ ಸಪ್ಪಳ ಹೇಗಿರುತ್ತದೆ ಎಂದು ಕೇಳಿದಳು.

ಆಮೇಲೆ ಕಡಿತದ ಮಾತು ಬಂತು. ಬೆರಕೆ, ಕೊಂಡಿಯ ಬೆಸುಗೆ, ಕರಗುವಾಗ ಹೋಗುವುದು ಎಲ್ಲ ಸೇರಿ ನೂರಕ್ಕೆ ಹದಿನೈದು ಮುರಿಯುತ್ತೇನೆ ಎಂದ ಶೇಟ್. ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ ಎಂಬ ಗಾದೆ ಕೊಂಕಣಿಯವರಿಗೂ ಕನ್ನಡದವರಿಗೂ ಸಮಾನ ಆಸ್ತಿ ಇರಬೇಕು. ಅಷ್ಟು ಹೊತ್ತು ಮೆತ್ತಗಿದ್ದ ಹೆಂಗಸು ಒಮ್ಮೆಲೇ ಬದಲಾದಳು.

‘ನಮ್ಮವ್ವನ ಕೊಳ್ಳಾಗ ಸವದದ್ದು ಸವದೈತ್ರಿ, ಅದನ್ನ ನಾ ಕೇಳಾಕತ್ತಿಲ್ಲ. ನೀವು ಮುರಕೊಳ್ಳೂದು ಯಾ ಲೆಕ್ಕದ್ರೀ?’

ಶೇಟ್ ಹನ್ನೆರಡಕ್ಕೆ ಇಳಿದ. ಆಕೆ ರೂಪಾಯಿಗಳನ್ನು ಒಂದೊಂದಾಗಿ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಊರ ಜಾತ್ರೆಗೆ ಹೋದಾಗ ಗದಗಿನ ಪತ್ತಾರನನ್ನು ಕೇಳುತ್ತಾಳಂತೆ. ಅವನು ಎಂಟರ ಮೇಲೆ ಮುರಿಯುವುದಿಲ್ಲವಂತೆ.